ಮುಳ್ಳು ಹೇಳುವ ಸುಳ್ಳು

ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲ್ಲೂಕುಗಳ ರಸ್ತೆಗಳಲ್ಲಿ ಓಡಾಡುವ ಹಳೆಯ ಲಾರಿಗಳನ್ನು ತಾವೆಲ್ಲ ನೋಡಿಯೇ ಇರುತ್ತೀರಿ. ಚಳಿಗಾಲ ಬಂತೆಂದರೆ ಅವುಗಳಿಗೆ ಬಿಡುವೆಂಬುದಿಲ್ಲ. ಭೀಮೆಯ ದಂಡೆಯ ಕಬ್ಬು ಕಾರ್ಖಾನೆಗೆ ಸೇರಬೇಕು. ಕರಿನೆಲದ ತೊಗರಿ ಕಲಬುರಗಿಯ ಪೇಟೆಗೆ ಬರಬೇಕು. ಬಣ್ಣ ಮಾಸಿದ, ಬಾಗಿಲಿಗೆ ಹಗ್ಗ ಬಿಗಿದ, ಆದರೂ ಹಟ ಬಿಡದೆ ದುಡಿಯುವ ಈ ವಾಹನಗಳಲ್ಲಿ ಹಲವಕ್ಕೆ ಒಂದೇ ಬಗೆಯ ಕಾಯಿಲೆಯುಂಟು. ಎಂಜಿನ್ ಗಟ್ಟಿಯಾಗಿರುತ್ತದೆ, ಪಾಟಾಗಳು ಗಟ್ಟಿಯಾಗಿರುತ್ತವೆ. ಚಾಲಕನ ಕಣ್ಣೆದುರಿಗಿರುವ ಡೀಸೆಲ್ ಮೀಟರಿನ ಮುಳ್ಳು ಮಾತ್ರ ಸತ್ತಿರುತ್ತದೆ. ಇಲ್ಲವೆ, ಬದುಕಿದ್ದು ಸುಳ್ಳು ಹೇಳುತ್ತಿರುತ್ತದೆ.

“ಅದೇನು ಮಹಾ ದೋಷ? ಮುಳ್ಳಿಲ್ಲದಿದ್ದರೆ ಲಾರಿ ಓಡುವುದಿಲ್ಲವೇ?” ಎಂದು ತಾವು ಕೇಳಬಹುದು. ಓಡುತ್ತದೆ, ನಿಜ. ಸತ್ತ ಮುಳ್ಳಿನಿಂದ ಆಗುವ ಕೇಡು ಕಡಿಮೆ. ಅದನ್ನು ಯಾರೂ ನಂಬುವುದಿಲ್ಲವಷ್ಟೆ. ಕೇಡೆಲ್ಲ ಬರುವುದು ಸುಳ್ಳು ಹೇಳುವ ಮುಳ್ಳಿನಿಂದ. ಅದು ಇಲ್ಲದ ಡೀಸೆಲನ್ನು ಇದೆಯೆಂದು ತೋರಿಸಿದರೆ, ಕಟ್ಟಿಸಂಗಾವಿಯ ಸೇತುವೆ ದಾಟಿ ಜೇವರ್ಗಿಯ ದಾರಿ ಹಿಡಿದ ಲಾರಿ ನಡುರಾತ್ರಿ ಹೊಲದ ನಡುವೆ ನಿಂತುಬಿಡುತ್ತದೆ. ಇರುವ ಡೀಸೆಲನ್ನು ಇಲ್ಲವೆಂದು ತೋರಿಸಿದರೆ ಆಗುವ ಹಾನಿ ಬೇರೆ ತರಹದ್ದು. ನಾನು ಇಂದು ಹೇಳಬೇಕೆಂದಿರುವುದು ಹೆಚ್ಚಾಗಿ ಈ ಎರಡನೆಯ ಹಾನಿಯನ್ನು ಕುರಿತು. ಆದುದರಿಂದ, ಮನೆಯಲ್ಲಿ ಲಾರಿ ಇಲ್ಲದವರೂ ದಯವಿಟ್ಟು ಸ್ವಲ್ಪ ತಾಳಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಕಾಕಾ ಎಂದು ಕರೆಯುವ ಹಿರಿಯರೊಬ್ಬರು ಆಳಂದದಲ್ಲಿದ್ದಾರೆ. ಅವರಿಗೆ ಒಂದು ಹಳೆಯ ಲಾರಿಯಿತ್ತು. ಅದನ್ನು ಹನ್ನೊಂದು ವರ್ಷಗಳಿಂದ ನಡೆಸುತ್ತಿದ್ದವನು ಅಫಜಲಪುರದ ಕಡೆಯ ಒಂದು ಹಳ್ಳಿಯವನು. ಮನೆಯ ಮಗನಂತೆಯೇ ಇದ್ದ. ಹಬ್ಬಕ್ಕೆ ಹೋಳಿಗೆ ಮಾಡಿದರೆ ಅವನ ಮಕ್ಕಳಿಗೆಂದು ಒಂದು ಡಬ್ಬಿ ಬೇರೆಯಾಗಿಯೇ ಕಟ್ಟುತ್ತಿದ್ದರು. ತೊಗರಿ ರಾಶಿಯ ಕಾಲದಲ್ಲಿ ಒಂದು ದಿನ ಕಾಕಾ ನನಗೆ ಫೋನ್ ಮಾಡಿದರು. “ತಮ್ಮಾ, ಒಮ್ಮಿ ಬಂದ್ ಹೋಗು. ಮಂದಿ ಮ್ಯಾಲ ನಂಬಿಗಿ ಇಡೂ ಕಾಲ ಹೋತು” ಎಂದರು. ದನಿ ಕುಗ್ಗಿತ್ತು.

ಹೋಗಿ ಕೇಳಿದರೆ ವಿಷಯ ಇಷ್ಟು. ಸಂಜೆ ಲಾರಿ ಬಂದು ಅಂಗಳದಲ್ಲಿ ನಿಂತಾಗ ಡೀಸೆಲ್ ಮುಳ್ಳು ಅರ್ಧಕ್ಕಿಂತ ತುಸು ಕೆಳಗಿರುತ್ತಿತ್ತು. ಬೆಳಗ್ಗೆ ಚಾವಿ ತಿರುಗಿಸಿದರೆ ಅದೇ ಮುಳ್ಳು ಸೊನ್ನೆಯನ್ನು ಬಿಟ್ಟು ಏಳುತ್ತಿರಲಿಲ್ಲ. ಒಮ್ಮೆಯಲ್ಲ, ಆ ತಿಂಗಳಲ್ಲಿ ನಾಲ್ಕು ಸಲ ಹೀಗಾಗಿತ್ತು. ರಾತ್ರಿ ಲಾರಿಯಲ್ಲಿ ಮಲಗುವವರು ಚಾಲಕ ಮತ್ತು ಕ್ಲೀನರ್ ಇಬ್ಬರೇ. “ರಬ್ಬರ್ ನಳಿಗಿ ಹಾಕಿ ಎಳದು ಮಾರ್ತಾನ. ಮತ್ತೇನ್? ನಾ ಕಣ್ಣಾರೆ ನೋಡೀನಿ” ಎಂದರು ಕಾಕಾ. ಅವರು ಕಣ್ಣಾರೆ ನೋಡಿದ್ದು ಮುಳ್ಳನ್ನು ಮಾತ್ರ. ಆದರೆ ಆ ಹೊತ್ತಿಗೆ ಅವರಿಗೆ ಮುಳ್ಳೂ ಕಳ್ಳನೂ ಒಂದೇ ಆಗಿಬಿಟ್ಟಿತ್ತು.

ಚಾಲಕ ಲಾರಿಯ ಚಾವಿಯನ್ನು ಕಟ್ಟೆಯ ಮೇಲಿಟ್ಟು ಬೇವಿನ ಮರದ ಕೆಳಗೆ ಕುಳಿತಿದ್ದ. ನನ್ನನ್ನು ಕಂಡು ಎದ್ದು ನಿಂತು, “ನಾ ಒಂದ್ ಹನಿ ಮುಟ್ಟಿಲ್ರಿ ಸರ್. ಮುಳ್ಳ ಹಿಂಗ್ ತೋರಸ್ತದ ಅಂದ್ರ ನಾ ಏನ್ ಹೇಳ್ಲಿ? ನಾಳಿ ಸೋಲಾಪುರಕ್ಕ ಹೋಗಾಂವ ಇದ್ದೀನ್ರಿ, ಬ್ಯಾರೆ ಕೆಲಸ ನೋಡ್ತೀನಿ” ಎಂದ. ಹನ್ನೊಂದು ವರ್ಷದ ಸಂಬಂಧ ಒಂದು ಮುಳ್ಳಿನ ಮೇಲೆ ನಿಂತಿತ್ತು.

ಮನುಷ್ಯರನ್ನು ಪರೀಕ್ಷಿಸುವ ವಿದ್ಯೆ ನನಗೆ ಬಾರದು. ಆದರೆ ಹುಡುಗರಿಗೆ ವಾಹನಗಳ ವಿದ್ಯುತ್ ಕೆಲಸ ಕಲಿಸುತ್ತ ಬಹಳ ವರ್ಷ ಕಳೆದವನಾದ್ದರಿಂದ, ಮುಳ್ಳನ್ನು ಪರೀಕ್ಷಿಸುವ ಕ್ರಮ ಬಲ್ಲೆ. “ಕಾಕಾ, ಮೊದಲು ಮುಳ್ಳಿನ ಸಾಕ್ಷಿ ತಗೊಳ್ಳೋಣ. ಆಮೇಲೆ ಮನುಷ್ಯನ ವಿಚಾರ” ಎಂದೆ.

ಈಗ ಆ ಮುಳ್ಳಿನ ಒಳಗುಟ್ಟನ್ನು ಸ್ವಲ್ಪ ತಿಳಿಯೋಣ. ಡೀಸೆಲ್ ಮೀಟರೆಂಬುದು ಒಂದು ವಸ್ತುವಲ್ಲ, ಎರಡು. ಒಂದು ಚಾಲಕನ ಎದುರಿಗಿರುತ್ತದೆ. ಇನ್ನೊಂದು ಟಾಕಿಯ ಒಳಗಿರುತ್ತದೆ. ಟಾಕಿಯೊಳಗಿನದನ್ನು ಮಿಸ್ತ್ರಿಗಳು ಟ್ಯಾಂಕ್ ಯೂನಿಟ್ ಎನ್ನುತ್ತಾರೆ, ಕೆಲವರು ಫ್ಲೋಟ್ ಎಂದೇ ಕರೆಯುತ್ತಾರೆ. ತಮ್ಮ ಮನೆಯ ಮಾಳಿಗೆಯ ಮೇಲಿನ ನೀರಿನ ತೊಟ್ಟಿಯಲ್ಲಿ, ನೀರು ತುಂಬಿದೊಡನೆ ನಲ್ಲಿಯನ್ನು ಮುಚ್ಚುವ ತೇಲುಗುಂಡನ್ನು ನೋಡಿದ್ದೀರಲ್ಲವೆ? ಇದೂ ಅಂಥದೇ. ಒಂದು ತೇಲುಗುಂಡು, ಅದಕ್ಕೆ ಒಂದು ತಂತಿಯ ತೋಳು. ಡೀಸೆಲ್ ಏರಿದರೆ ಗುಂಡು ಏರುತ್ತದೆ, ಇಳಿದರೆ ಇಳಿಯುತ್ತದೆ.

ತೋಳಿನ ಇನ್ನೊಂದು ತುದಿಯಲ್ಲಿರುವುದೇ ಮುಖ್ಯ. ಅಲ್ಲಿ ಕೂದಲಿನಂಥ ಸಣ್ಣ ತಂತಿಯನ್ನು ಒತ್ತೊತ್ತಾಗಿ ಸುತ್ತಿದ ಒಂದು ಪಟ್ಟಿಯಿರುತ್ತದೆ. ತೋಳು ಆಡಿದಂತೆ ಒಂದು ಚಿಕ್ಕ ಲೋಹದ ನಾಲಗೆ ಆ ಪಟ್ಟಿಯ ಮೇಲೆ ಹಿಂದೆ ಮುಂದೆ ಉಜ್ಜುತ್ತದೆ. ನಾಲಗೆ ಎಲ್ಲಿ ನಿಂತಿದೆ ಎಂಬುದರ ಮೇಲೆ ವಿದ್ಯುತ್ತು ಹೆಚ್ಚು ತಂತಿಯನ್ನು ದಾಟಬೇಕೋ ಕಡಿಮೆಯೋ ಎಂಬುದು ನಿಶ್ಚಯವಾಗುತ್ತದೆ. ತಂತಿ ಹೆಚ್ಚಾದರೆ ರೋಧ ಹೆಚ್ಚು, ಹರಿಯುವ ವಿದ್ಯುತ್ತು ಕಡಿಮೆ. ಇದು ಅಪರಿಚಿತ ಯಂತ್ರವೇನಲ್ಲ. ಗುಂಡಿ ತಿರುಗಿಸಿ ಧ್ವನಿಯನ್ನು ಏರಿಸುವ, ಇಳಿಸುವ ರೇಡಿಯೋ ತಮ್ಮ ಮನೆಯಲ್ಲಿದ್ದರೆ, ಆ ಗುಂಡಿಯ ಹಿಂದೆಯೂ ಇಂಥದೇ ಒಂದು ಪಟ್ಟಿ, ಇಂಥದೇ ಒಂದು ನಾಲಗೆ ಇರುತ್ತದೆ. ರೇಡಿಯೋ ಹಳೆಯದಾದಾಗ ಗುಂಡಿ ಒಂದು ಜಾಗಕ್ಕೆ ಬಂದೊಡನೆ ಕರಕರ ಸದ್ದಾಗಿ ಧ್ವನಿಯೇ ನಿಂತುಹೋಗುವುದುಂಟು. ಸ್ವಲ್ಪ ಆಚೆ ತಿರುಗಿಸಿದರೆ ಮತ್ತೆ ಸರಿ. ಪಟ್ಟಿ ಆ ಜಾಗದಲ್ಲಿ ಸವೆದಿದೆ ಎಂದು ಅದರ ಅರ್ಥ. ಈ ಒಂದು ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಚಾಲಕನ ಎದುರಿಗಿರುವ ಮೀಟರು. ಹಳೆಯ ವಾಹನಗಳಲ್ಲಿ ಇದು ಸಾಮಾನ್ಯವಾಗಿ ಎರಡು ಬಗೆ. ಒಂದರಲ್ಲಿ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದ ಪಟ್ಟಿಯೊಂದರ ಮೇಲೆ ತಂತಿ ಸುತ್ತಿರುತ್ತಾರೆ. ವಿದ್ಯುತ್ತು ಹರಿದಾಗ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ. ಬಿಸಿಯಾಗಲು ಹೊತ್ತು ಬೇಕಲ್ಲ. ಅದರಿಂದ ಚಾವಿ ತಿರುಗಿಸಿದ ಮೇಲೆ ಈ ಮುಳ್ಳು ನಿಧಾನವಾಗಿ, ಸೋಮಾರಿಯಂತೆ ಏಳುತ್ತದೆ. ಇನ್ನೊಂದು ಬಗೆಯಲ್ಲಿ ಎರಡು ಸುರುಳಿಗಳ ಕಾಂತಶಕ್ತಿ ಮುಳ್ಳನ್ನು ಅತ್ತ ಇತ್ತ ಎಳೆಯುತ್ತದೆ. ಆ ಮುಳ್ಳು ಚುರುಕು.

ಹೀಗೆ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಫ್ಯೂಸನ್ನು ದಾಟಿ, ಮೀಟರನ್ನು ದಾಟಿ, ಚಾಸಿಯ ಪಕ್ಕದಲ್ಲಿ ಹಾದುಹೋಗುವ ಉದ್ದನೆಯ ತಂತಿಯಲ್ಲಿ ನಡೆದು, ಟಾಕಿಯ ಯೂನಿಟ್ಟಿನ ಮೂಲಕ ಲಾರಿಯ ಮೈಗೆ ಇಳಿದು, ಮತ್ತೆ ಬ್ಯಾಟರಿಗೆ ಮರಳಬೇಕು. ಲಾರಿಯ ಮೈಗೆ ಇಳಿಯುವ ಈ ಕೊನೆಯ ಕೊಂಡಿಗೇ ಮಿಸ್ತ್ರಿಗಳು ಅರ್ಥಿಂಗ್ ಎನ್ನುವುದು. ಇಷ್ಟು ದೂರದ ದಾರಿಯಲ್ಲಿ ಎಲ್ಲಿ ಕೆಟ್ಟರೂ ತಪ್ಪು ಕಾಣುವುದು ಮುಳ್ಳಿನಲ್ಲಿಯೇ. ಮುಳ್ಳು ಡೀಸೆಲನ್ನು ಎಂದೂ ನೋಡಿಲ್ಲ. ದೂರದ ಊರಿನಿಂದ ಹಲವರ ಕೈ ದಾಟಿ ಬಂದ ಸುದ್ದಿಯನ್ನು ಅದು ಓದಿ ಹೇಳುತ್ತದೆ, ಅಷ್ಟೆ. ಆದರೂ ಮುಳ್ಳು ಕೆಟ್ಟಿತೆಂದರೆ ನಮ್ಮ ಜನ ಮೊದಲು ಮಾಡುವ ಕೆಲಸವೆಂದರೆ ಹೊಸ ಮೀಟರು ತಂದು ಹಾಕುವುದು! ಬಹಳ ಸಲ ರೋಗವಿರುವುದು ಟಾಕಿಯ ಬಳಿಯಲ್ಲಿ.

ಹಾಗಾದರೆ ಪರೀಕ್ಷೆಯನ್ನು ಎಲ್ಲಿಂದ ಮೊದಲುಮಾಡಬೇಕು? ಡೀಸೆಲಿನಿಂದಲೇ. ಟಾಕಿಯಲ್ಲಿ ನಿಜವಾಗಿ ಎಷ್ಟಿದೆ ಎಂಬುದು ಗೊತ್ತಿಲ್ಲದೆ ಮುಳ್ಳು ಸುಳ್ಳು ಹೇಳುತ್ತಿದೆಯೋ ನಿಜ ಹೇಳುತ್ತಿದೆಯೋ ಎಂದು ನಿರ್ಣಯಿಸುವುದು ಹೇಗೆ? ಒಣಗಿದ, ಸ್ವಚ್ಛವಾದ ಒಂದು ಮರದ ಕೋಲನ್ನು ನೆಟ್ಟಗೆ ತಳ ಮುಟ್ಟುವವರೆಗೆ ಇಳಿಸಿ ತೆಗೆದರೆ ಸಾಕು. ಎಲ್ಲಿಯವರೆಗೆ ಒದ್ದೆಯಾಗಿದೆ ಎಂಬುದೇ ಉತ್ತರ. ಲಾರಿ ಸಮ ನೆಲದ ಮೇಲೆ ನಿಂತಿರಬೇಕು. ಹತ್ತಿರ ಬೀಡಿಯಾಗಲಿ ಬೆಂಕಿಕಡ್ಡಿಯಾಗಲಿ ಕೂಡದು. ಕತ್ತಲೆಯಲ್ಲಿ ಕಡ್ಡಿ ಗೀರಿ ಟಾಕಿಯೊಳಗೆ ಇಣುಕುವ ಧೀರರು ಇದ್ದಾರೆ. ಅಂಥ ಧೈರ್ಯ ಯಾರಿಗೂ ಬೇಡ.

ಈ ಕೋಲಿನ ಉಪಾಯವನ್ನು ಹಳ್ಳಿಯ ಬುದ್ಧಿ ಎಂದು ನಗಬೇಕಾಗಿಲ್ಲ. ಅಮೆರಿಕದ ಫೋರ್ಡ್ ಕಂಪನಿ ೧೯೦೮ರಿಂದ ೧೯೨೭ರವರೆಗೆ ಲಕ್ಷ ಲಕ್ಷ ಸಂಖ್ಯೆಯಲ್ಲಿ ತಯಾರಿಸಿದ ಮಾಡೆಲ್ ಟಿ ಕಾರಿನ ಒಡೆಯರು, ಸೀಟನ್ನು ಎತ್ತಿ, ಕೆಳಗಿದ್ದ ಟಾಕಿಗೆ ಕೋಲು ಇಳಿಸಿಯೇ ಪೆಟ್ರೋಲು ಅಳೆಯುತ್ತಿದ್ದರು. ೧೯೫೦ರ ದಶಕದಲ್ಲಿ ಜರ್ಮನಿಯಿಂದ ಬಂದ ಬೀಟಲ್ ಕಾರುಗಳಲ್ಲಿ ಪೆಟ್ರೋಲ್ ಮೀಟರೇ ಇರಲಿಲ್ಲ. ಎಂಜಿನ್ ಮುಗ್ಗರಿಸಿದಾಗ ಒಂದು ಸನ್ನೆಯನ್ನು ತಿರುಗಿಸಿ ಉಳಿದ ಸ್ವಲ್ಪ ಪೆಟ್ರೋಲನ್ನು ಬಳಸಿಕೊಳ್ಳಬೇಕಾಗಿತ್ತು. ನಮ್ಮ ಹಳೆಯ ಸ್ಕೂಟರುಗಳ ರಿಸರ್ವ್ ತಿರುಪಿನ ತತ್ತ್ವವೂ ಅದೇ. ಜಮ್‌ಶೆಡ್‌ಪುರದಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಸಹಕಾರದಿಂದ ೧೯೫೪ರಲ್ಲಿ ಲಾರಿ ಕಟ್ಟಲು ತೊಡಗಿದಂದಿನಿಂದ ನಮ್ಮ ರಸ್ತೆಗಳಲ್ಲಿ ಡೀಸೆಲ್ ಲಾರಿಗಳ ಸಂಖ್ಯೆ ಬೆಳೆಯುತ್ತ ಬಂತು. ಮೀಟರನ್ನು ಸಂಶಯದಿಂದ ನೋಡಿ, ಕ್ಯಾಬಿನ್ನಿನಲ್ಲಿ ಒಂದು ಕೋಲು ಇಟ್ಟುಕೊಳ್ಳುವ ಚಾಲಕರನ್ನು ನಾನು ಇಂದಿಗೂ ಕಾಣುತ್ತೇನೆ.

ಕಾಕಾ ಅವರ ಲಾರಿಗೂ ಕೋಲು ಇಳಿಸಿದೆವು. ಟಾಕಿ ಪೆಟ್ಟಿಗೆಯಾಕಾರದ್ದು, ೧೬೦ ಲೀಟರ್ ಹಿಡಿಯುವಂಥದು. ಕೋಲು ಅರ್ಧಕ್ಕಿಂತ ತುಸು ಕಡಿಮೆ ಒದ್ದೆಯಾಗಿತ್ತು. ಎಂದರೆ ಸುಮಾರು ೭೦ ಲೀಟರ್ ಡೀಸೆಲ್ ಒಳಗೇ ಇತ್ತು. ಮುಳ್ಳು ಮಾತ್ರ ಸೊನ್ನೆಯ ಮೇಲೆ ಮಲಗಿತ್ತು. ಕಾಕಾ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. “ತಳದಾಗ ನೀರು ಇರಬೇಕು” ಎಂದರು. ಅವರ ಮನಸ್ಸು ಇನ್ನೂ ಒಪ್ಪಿರಲಿಲ್ಲ. ಆಗ ಮನೆಯಲ್ಲಿ ಕ್ಯಾನಿನಲ್ಲಿದ್ದ ೨೦ ಲೀಟರ್ ಡೀಸೆಲನ್ನು ಟಾಕಿಗೆ ಸುರಿದು, ಚಾವಿ ತಿರುಗಿಸಿದೆವು. ಮುಳ್ಳು ಮೆಲ್ಲಗೆ ಎದ್ದು, ಅರ್ಧವನ್ನು ದಾಟಿ ನಿಂತಿತು.

ಕಾಕಾ ಅವರ ಮೊಮ್ಮಗಳು, ಹನ್ನೆರಡು ವರ್ಷದ ಹುಡುಗಿ, ಪಕ್ಕದಲ್ಲಿ ನಿಂತಿದ್ದಳು. “ಅಜ್ಜಾ, ಇಪ್ಪತ್ತು ಲೀಟರಿಗೆ ಅರ್ಧ ಟಾಕಿ ಹೆಂಗ್ ತುಂಬ್ತು?” ಎಂದು ಕೇಳಿದಳು. ಯಾರೂ ಮಾತಾಡಲಿಲ್ಲ. ೧೬೦ರಲ್ಲಿ ೨೦ ಎಂದರೆ ಎಂಟರಲ್ಲಿ ಒಂದು ಪಾಲು. ಸೊನ್ನೆಯಿಂದ ಎದ್ದ ಮುಳ್ಳು ಅಷ್ಟು ಮಾತ್ರ ಏರಬೇಕಾಗಿತ್ತು.

ಮುಳ್ಳಿನ ಸುಳ್ಳೇನೋ ಸಿಕ್ಕಿತು. ಸುಳ್ಳು ಹುಟ್ಟುವ ಜಾಗ ಸಿಕ್ಕಿರಲಿಲ್ಲ. ಅದನ್ನು ಹುಡುಕುವ ಕ್ರಮವನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಚಾವಿ ತಿರುಗಿಸಿ, ಪಕ್ಕದ ಮೀಟರುಗಳ ಕಡೆ ನೋಡಬೇಕು. ನೀರಿನ ಕಾವನ್ನು ತೋರಿಸುವ ಮುಳ್ಳೂ ಸತ್ತಿದ್ದರೆ ದೋಷ ಎಲ್ಲಕ್ಕೂ ಸಮಾನವಾದ ಜಾಗದಲ್ಲಿದೆ: ಫ್ಯೂಸು ಸುಟ್ಟಿರಬಹುದು, ಮೀಟರುಗಳ ಹಿಂದಿನ ತಂತಿ ಕಳಚಿರಬಹುದು. ಬಿಸಿಯಾಗಿ ಬಾಗುವ ಬಗೆಯ ಮೀಟರುಗಳ ಹಿಂದೆ, ವೋಲ್ಟೇಜನ್ನು ಒಂದೇ ಸಮನಾಗಿ ಇಡುವ ಚಿಕ್ಕ ಡಬ್ಬಿಯೊಂದಿರುವುದುಂಟು. ಅದು ಕೆಟ್ಟರೆ ಎಲ್ಲ ಮುಳ್ಳುಗಳೂ ಒಟ್ಟಿಗೆ ಏರುಪೇರಾಗುತ್ತವೆ. ಬೇರೆಯವೆಲ್ಲ ಸರಿಯಿದ್ದು ಡೀಸೆಲ್ ಮುಳ್ಳು ಮಾತ್ರ ತಪ್ಪಿದ್ದರೆ ಟಾಕಿಯ ಕಡೆಗೆ ನಡೆಯಬೇಕು.

ಎರಡನೆಯದು, ತಂತಿಯ ಪರೀಕ್ಷೆ. ಟಾಕಿಯ ಮುಚ್ಚಳ ಬಿಗಿಯಾಗಿರಲಿ. ಯೂನಿಟ್ಟಿನ ತಲೆಯ ಮೇಲೆ ಮೀಟರಿನಿಂದ ಬಂದ ತಂತಿಯನ್ನು ಕಳಚಿ, ಯಾವುದಕ್ಕೂ ತಾಗದಂತೆ ಹಿಡಿದು, ಚಾವಿ ತಿರುಗಿಸಿ. ಮುಳ್ಳು ಒಂದು ಕೊನೆಗೆ ಹೋಗಿ ನಿಲ್ಲಬೇಕು. ಈಗ ಅದೇ ತಂತಿಯನ್ನು, ಟಾಕಿಯಿಂದ ಸ್ವಲ್ಪ ದೂರದಲ್ಲಿ, ಚಾಸಿಯ ಬರಿಯ ಲೋಹಕ್ಕೆ ಕೆಲವು ಕ್ಷಣ ಮುಟ್ಟಿಸಬೇಕು. ಮುಳ್ಳು ಇನ್ನೊಂದು ಕೊನೆಯ ಕಡೆಗೆ ಹೊರಡಬೇಕು. ತಂತಿಗೂ ಚಾಸಿಗೂ ನಡುವೆ ಒಂದು ಚಿಕ್ಕ ಬಲ್ಬನ್ನು ಇಟ್ಟು ಮುಟ್ಟಿಸಿದರೆ ಮೀಟರಿಗೆ ಅಪಾಯವಿಲ್ಲ. ಯಾವ ಕೊನೆ ಮೊದಲು, ಯಾವುದು ಆಮೇಲೆ ಎಂಬುದು ಮೀಟರಿನ ಬಗೆಯನ್ನು ಅವಲಂಬಿಸಿದೆ, ಅದಕ್ಕೆ ಗಾಬರಿಯಾಗಬೇಡಿ. ಮುಳ್ಳು ಎರಡೂ ಕಡೆಗೆ ಹೋಯಿತೋ, ಮೀಟರು ಆರೋಗ್ಯವಾಗಿದೆ, ತಂತಿಯೂ ಆರೋಗ್ಯವಾಗಿದೆ. ರೋಗ ಟಾಕಿಯ ಯೂನಿಟ್ಟಿನಲ್ಲಿ ಅಥವಾ ಅದರ ಅರ್ಥಿಂಗಿನಲ್ಲಿ. ಮುಳ್ಳು ಕದಲದಿದ್ದರೆ ತಂತಿಯನ್ನು ಬೆರಳಿನಿಂದ ಸವರುತ್ತ ಚಾಸಿಯುದ್ದಕ್ಕೂ ಹೋಗಬೇಕು. ಎಲ್ಲೋ ಒಂದು ಕಡೆ ಕಬ್ಬಿಣಕ್ಕೆ ಉಜ್ಜಿ ಸವೆದಿರುತ್ತದೆ, ಇಲ್ಲವೆ ತುಂಡಾಗಿರುತ್ತದೆ. ಒಂದು ಎಚ್ಚರಿಕೆ: ಬ್ಯಾಟರಿಯ ಜೀವಂತ ತಂತಿಯನ್ನು ನೇರವಾಗಿ ಟಾಕಿಯ ಯೂನಿಟ್ಟಿಗೆ ಎಂದಿಗೂ ಕೊಡಬಾರದು. ಅದರ ಸಣ್ಣ ತಂತಿ ಸುಟ್ಟುಹೋಗುತ್ತದೆ. ಟಾಕಿಯೊಳಗೆ ಕಿಡಿ ಹಾರಿದರೆ ಇನ್ನೇನು ಸುಡುತ್ತದೆ ಎಂದು ಹೇಳಬೇಕಾಗಿಲ್ಲ.

ಮೂರನೆಯದು, ಅರ್ಥಿಂಗಿನ ಪರೀಕ್ಷೆ. ಒಂದು ತುಂಡು ತಂತಿಯ ಒಂದು ತುದಿಯನ್ನು ಯೂನಿಟ್ಟಿನ ಲೋಹದ ತಲೆಗೂ ಇನ್ನೊಂದನ್ನು ಕೆರೆದು ಹೊಳಪು ಬರಿಸಿದ ಚಾಸಿಯ ಜಾಗಕ್ಕೂ ಹಿಡಿದು ನೋಡಿ. ಮುಳ್ಳು ತಟ್ಟನೆ ದಾರಿಗೆ ಬಂದರೆ ಇಷ್ಟೇ ಕಾಯಿಲೆ. ಹಳೆಯ ಲಾರಿಗಳಲ್ಲಿ ಇದು ಬಹಳ. ಟಾಕಿ ಕುಳಿತಿರುವುದು ರಬ್ಬರ್ ಪಟ್ಟಿಯ ಮೇಲೆ. ಅದನ್ನು ಬಿಗಿದಿರುವ ಪಟ್ಟಿಗೆ ತುಕ್ಕು. ಮೇಲೆ ದೀಪಾವಳಿಗೊಮ್ಮೆ ಬಳಿದ ಬಣ್ಣ! ವಿದ್ಯುತ್ತು ಚಾಸಿಗೆ ಇಳಿಯಲು ದಾರಿಯಾದರೂ ಎಲ್ಲಿ? ನಮ್ಮ ಕರಿನೆಲದ ಮಳೆಗಾಲದ ಕೆಸರು ಬೇರೆ ಅಂಟಿಕೊಂಡು ಒಣಗಿರುತ್ತದೆ. ಉಪ್ಪುಕಾಗದದಿಂದ ಉಜ್ಜಿ, ಒಂದು ತಂತಿಯನ್ನು ಬೋಲ್ಟಿನಿಂದ ಬಿಗಿದರೆ ಕೆಲಸ ಮುಗಿಯಿತು. ಹತ್ತು ರೂಪಾಯಿಯ ತಂತಿ ಮಾಡುವ ಕೆಲಸಕ್ಕೆ ಸಾವಿರ ರೂಪಾಯಿಯ ಮೀಟರು ತಂದವರನ್ನು ನಾನು ಬಲ್ಲೆ.

ನಾಲ್ಕನೆಯದು, ಯೂನಿಟ್ಟನ್ನೇ ಹೊರಗೆ ತೆಗೆಯುವುದು. ಇದು ಕೊನೆಯ ಕೆಲಸ, ಬಲ್ಲವರು ಮಾಡಬೇಕಾದ ಕೆಲಸ. ಬ್ಯಾಟರಿಯ ತಂತಿ ಕಳಚಿ, ಸುತ್ತಲಿನ ಮಣ್ಣನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಸ್ಕ್ರೂ ಬಿಚ್ಚಬೇಕು. ಇಲ್ಲದಿದ್ದರೆ ಧೂಳೆಲ್ಲ ಡೀಸೆಲಿಗೆ ಬೀಳುತ್ತದೆ. ಹೊರಗೆ ತೆಗೆದ ಮೇಲೆ ತೇಲುಗುಂಡನ್ನು ಕಿವಿಯ ಹತ್ತಿರ ಅಲುಗಾಡಿಸಿ. ಒಳಗೆ ಗುಳುಗುಳು ಎಂದರೆ ಗುಂಡು ತೂತಾಗಿ ಡೀಸೆಲ್ ಕುಡಿದಿದೆ. ಅದು ತೇಲದು, ಮುಳ್ಳು ಏಳದು. ತೋಳು ಬಾಗಿದೆಯೇ, ಟಾಕಿಯೊಳಗಿನ ತಡೆಗೋಡೆಗೆ ತಗುಲುತ್ತದೆಯೇ ನೋಡಿ. ಎಲ್ಲ ಸರಿಯಿದ್ದರೆ ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು, ತೋಳನ್ನು ಕೆಳಗಿನಿಂದ ಮೇಲಕ್ಕೆ ಬಹು ನಿಧಾನವಾಗಿ ಏರಿಸಬೇಕು. ಅಂಕಿ ಎಲ್ಲಿಯೂ ನೆಗೆಯದೆ, ಹಂತಹಂತವಾಗಿ ಬದಲಾಗಬೇಕು.

ಕಾಕಾ ಅವರ ಲಾರಿಯಲ್ಲಿ ಮೊದಲ ಮೂರು ಪರೀಕ್ಷೆಗಳಲ್ಲೂ ದೋಷ ಕಾಣಲಿಲ್ಲ. ಯೂನಿಟ್ಟನ್ನು ತೆಗೆದು ಕಟ್ಟೆಯ ಮೇಲೆ ಹಳೆಯ ಗೋಣಿಚೀಲ ಹಾಸಿ ಇಟ್ಟೆವು. ತೋಳನ್ನು ಏರಿಸಿದೆ. ಅಂಕಿ ನೆಟ್ಟಗೆ ಬದಲಾಗುತ್ತ ಬಂತು. ಅರ್ಧಕ್ಕೆ ತುಸು ಕೆಳಗೆ ಬಂದೊಡನೆ ಮಲ್ಟಿಮೀಟರು ಏನನ್ನೂ ತೋರಿಸದಾಯಿತು. ಕೂದಲೆಳೆಯಷ್ಟು ಆಚೆಗೆ ಸರಿಸಿದರೆ ಮತ್ತೆ ಅಂಕಿ ಬಂತು. ಕನ್ನಡಕ ಹಾಕಿಕೊಂಡು ನೋಡಿದರೆ, ಆ ಒಂದು ಜಾಗದಲ್ಲಿ ಪಟ್ಟಿಯ ತಂತಿ ಸವೆದು ಹರಿದಿತ್ತು. ರೇಡಿಯೋ ಗುಂಡಿಯ ಕರಕರ ನೆನಪಾಯಿತೇ?

ಈಗ ಸಂಜೆ ಇದ್ದ ಡೀಸೆಲ್ ಬೆಳಗ್ಗೆ ಮಾಯವಾಗುತ್ತಿದ್ದ ಗುಟ್ಟು ಬಯಲಾಯಿತು. ಲಾರಿ ಓಡುವಾಗ ಟಾಕಿಯ ಡೀಸೆಲ್ ತುಳುಕಾಡುತ್ತದೆ. ಗುಂಡು ಮೇಲೆ ಕೆಳಗೆ ಆಡುತ್ತದೆ. ನಾಲಗೆ ಹರಿದ ಜಾಗದ ಆಚೆಗೂ ಈಚೆಗೂ ಮುಟ್ಟುತ್ತ ಇರುತ್ತದೆ. ಇದು ಬಿಸಿಯಾಗಿ ಬಾಗುವ ಬಗೆಯ ಸೋಮಾರಿ ಮೀಟರು. ಕ್ಷಣಕ್ಷಣದ ಬದಲಾವಣೆಯನ್ನು ಅದು ಲೆಕ್ಕಿಸುವುದಿಲ್ಲ, ಒಟ್ಟಾರೆ ಸುದ್ದಿಯನ್ನು ತೋರಿಸುತ್ತದೆ. ಆದ್ದರಿಂದ ಅಂಗಳಕ್ಕೆ ಬಂದು ನಿಂತ ಕ್ಷಣದಲ್ಲಿ ಮುಳ್ಳು ಹೆಚ್ಚುಕಡಿಮೆ ನಿಜವನ್ನೇ ಹೇಳುತ್ತಿತ್ತು. ರಾತ್ರಿ ಡೀಸೆಲ್ ತಣ್ಣಗೆ ನಿಂತಾಗ ನಾಲಗೆ ಸರಿಯಾಗಿ ಹರಿದ ಜಾಗದ ಮೇಲೆ ಬಂದು ಕೂರುತ್ತಿತ್ತು. ಬೆಳಗ್ಗೆ ಚಾವಿ ತಿರುಗಿಸಿದರೆ ವಿದ್ಯುತ್ತಿಗೆ ದಾರಿಯಿಲ್ಲ, ಮುಳ್ಳು ಸೊನ್ನೆ. ಟಾಕಿಯ ಮಟ್ಟ ಆ ಜಾಗಕ್ಕೆ ಬಂದ ರಾತ್ರಿಗಳಲ್ಲಿ ಮಾತ್ರ ಹೀಗಾಗುತ್ತಿತ್ತು. ಅದರಿಂದಲೇ ತಿಂಗಳಲ್ಲಿ ನಾಲ್ಕು ಸಲ.

ಅದೇ ಜಾಗದಲ್ಲಿ ಏಕೆ ಹರಿಯಿತು? ಇದನ್ನು ಹೇಳಲು ನನಗೆ ಸ್ವಲ್ಪ ಸಂಕೋಚವಾಯಿತು. ಕಾಕಾ ಎಂದೂ ಟಾಕಿ ತುಂಬಿಸಿದವರಲ್ಲ. ದಿನಕ್ಕೆ ಇಷ್ಟು ರೂಪಾಯಿಗೆ ಹಾಕಿಸು ಎಂದು ಎಣಿಸಿ ಕೊಡುವವರು. ವರ್ಷಾನುಗಟ್ಟಲೆ ಡೀಸೆಲ್ ಅರ್ಧದ ಆಸುಪಾಸಿನಲ್ಲಿಯೇ ನಿಂತು, ನಾಲಗೆ ಅದೇ ಒಂದು ಬೆರಳಷ್ಟು ಜಾಗವನ್ನು ಉಜ್ಜಿ ಉಜ್ಜಿ ಸವೆಸಿತ್ತು. ಇನ್ನೊಂದು ಮಾತು. ಮುಳ್ಳು ಸೊನ್ನೆಗೆ ಬಿದ್ದ ಬೆಳಗ್ಗೆ ಅವರು ಸಿಟ್ಟಿನಿಂದ ಮತ್ತಷ್ಟು ಡೀಸೆಲ್ ಹಾಕಿಸುತ್ತಿದ್ದರು. ಗುಂಡು ಹರಿದ ಜಾಗವನ್ನು ದಾಟಿ ಮೇಲೇರುತ್ತಿತ್ತು. ಮುಳ್ಳು ಎದ್ದು ನಿಲ್ಲುತ್ತಿತ್ತು. “ನೋಡು, ಮೀಟರ್ ಸರಿನೇ ಅದ!” ಎಂದು ಅವರ ಸಂಶಯ ಇನ್ನಷ್ಟು ಗಟ್ಟಿಯಾಗುತ್ತಿತ್ತು.

ಟಾಕಿಯನ್ನು ಕಂಠಮಟ್ಟ ತುಂಬಿಸುವ ಪದ್ಧತಿ ಇದ್ದಿದ್ದರೆ ಈ ಸಂಶಯ ಒಂದೇ ವಾರದಲ್ಲಿ ಸಾಯುತ್ತಿತ್ತು. ಲೆಕ್ಕ ಬಹಳ ಸುಲಭ. ಇಂದು ಕಂಠಮಟ್ಟ ತುಂಬಿಸಿ, ಕಿಲೋಮೀಟರ್ ಬರೆದಿಟ್ಟುಕೊಳ್ಳಿ. ೪೦೦ ಕಿ.ಮೀ. ಓಡಿದ ಮೇಲೆ ಮತ್ತೆ ಕಂಠಮಟ್ಟ ತುಂಬಿಸಿ. ೧೦೦ ಲೀಟರ್ ಹಿಡಿದರೆ ಲೀಟರಿಗೆ ೪ ಕಿ.ಮೀ. ಎಂದಾಯಿತು. ಪ್ರತಿ ಸಲ ಇದೇ ಅಂಕಿಯ ಅಕ್ಕಪಕ್ಕ ಬರುತ್ತಿದ್ದರೆ ಒಂದು ಹನಿಯೂ ಎಲ್ಲಿಯೂ ಹೋಗಿಲ್ಲ. ಅಂಕಿ ಒಮ್ಮೆಲೇ ಕುಸಿದರೆ ಆಗ ಸೋರಿಕೆಯನ್ನು ಹುಡುಕಬೇಕು, ಎಂಜಿನ್ನನ್ನು ನೋಡಬೇಕು. ಅವೆಲ್ಲ ಆದ ಮೇಲೆ ಮನುಷ್ಯನ ಕಡೆ ತಿರುಗಬಹುದು. ರೂಪಾಯಿಯ ಲೆಕ್ಕದಲ್ಲಿ ಡೀಸೆಲ್ ಹಾಕಿಸುವವರಿಗೆ ರೂಪಾಯಿಯ ಲೆಕ್ಕ ಸಿಗುತ್ತದೆಯೇ ಹೊರತು ಡೀಸೆಲಿನ ಲೆಕ್ಕ ಸಿಗುವುದಿಲ್ಲ.

ಹೊಸ ಯೂನಿಟ್ಟನ್ನು ಕಲಬುರಗಿಯಿಂದ ತರಿಸಿದೆವು. ಇಲ್ಲಿಯೂ ಒಂದು ಎಚ್ಚರಿಕೆ ಬೇಕು. ಯೂನಿಟ್ಟುಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ಟಾಕಿ ಬರಿದಾದಾಗ ೧೦ ಓಮ್, ತುಂಬಿದಾಗ ೧೮೦ ಓಮ್ ತೋರಿಸುತ್ತವೆ. ಕೆಲವು ಬರಿದಾದಾಗ ೨೪೦, ತುಂಬಿದಾಗ ೩೩. ಒಂದು ಜಾತಿಯ ಮೀಟರಿಗೆ ಇನ್ನೊಂದು ಜಾತಿಯ ಯೂನಿಟ್ಟನ್ನು ಜೋಡಿಸಿದರೆ, ಟಾಕಿ ತುಂಬಿದಾಗ ಮುಳ್ಳು ಮಲಗುತ್ತದೆ, ಬರಿದಾದಾಗ ಎದ್ದು ಕೂರುತ್ತದೆ! ತೋಳಿನ ಉದ್ದವೂ ಟಾಕಿಯ ಆಳಕ್ಕೆ ಹೊಂದಬೇಕು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗುವುದು ಜಾಣತನ.

ಯೂನಿಟ್ಟು ಕೂಡಿಸಿದ ಮೇಲೆ ಚಾಲಕ ತಾನೇ ಒಂದು ಹುಣಸೆಯ ಕೋಲನ್ನು ಕೆತ್ತಿ ನಯಮಾಡಿದ. ಟಾಕಿ ಬರಿದಾಗಿದ್ದಾಗಲೇ ೨೦ ಲೀಟರಿನಂತೆ ಅಳೆದು ಹಾಕುತ್ತ, ಪ್ರತಿ ಸಲವೂ ಕೋಲಿಗೆ ಒಂದು ಗೀರು ಹಾಕಿದ. ಮುಳ್ಳು ಎಲ್ಲಿ ನಿಂತಿದೆ ಎಂಬುದನ್ನು ಹುಡುಗಿ ಪಾಟಿಯ ಮೇಲೆ ಬರೆದುಕೊಂಡಳು. ಟಾಕಿ ದುಂಡಗಿದ್ದರೆ ಈ ಗೀರುಗಳು ಸಮದೂರದಲ್ಲಿ ಇರುವುದಿಲ್ಲ, ತಳದ ಗೀರ್‌ಗಳ ನಡುವೆ ಅಂತರ ಹೆಚ್ಚು. ಆದುದರಿಂದ ಅಳೆದೇ ಹಾಕಬೇಕು, ಅಂದಾಜು ಸಾಲದು. ಮುಳ್ಳು ಎಷ್ಟೇ ಸರಿಯಾಗಿದ್ದರೂ ಕಾಲು ಟಾಕಿಗಿಂತ ಕೆಳಗೆ ಅದನ್ನು ನಂಬಿ ದೂರ ಹೊರಡಬಾರದು. ತಳದ ಕೆಸರು, ನೀರು ಎಲ್ಲ ಪೈಪಿಗೆ ಹತ್ತುತ್ತವೆ. ಪೂರಾ ಬರಿದಾದರಂತೂ ಡೀಸೆಲ್ ಎಂಜಿನ್ನಿನ ಪೈಪುಗಳಲ್ಲಿ ಗಾಳಿ ಹೊಕ್ಕುಬಿಡುತ್ತದೆ. ಆಮೇಲೆ ಡೀಸೆಲ್ ತಂದು ಸುರಿದರಷ್ಟೇ ಸಾಲದು; ಫಿಲ್ಟರಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ಗುಳ್ಳೆಯೆಲ್ಲ ಹೊರಟು ಬರಿಯ ಡೀಸೆಲ್ ಬರುವತನಕ ಗಾಳಿ ತೆಗೆಯಬೇಕು. ಜೇವರ್ಗಿಯ ದಾರಿಯಲ್ಲಿ ನಡುರಾತ್ರಿ ಆ ಕೆಲಸ ಮಾಡಿದವರಿಗೇ ಗೊತ್ತು ಅದರ ಸುಖ.

ಇಷ್ಟು ಹೊತ್ತು ಕಾಕಾ ಕಟ್ಟೆಯ ಮೇಲೆ ಕುಳಿತು ನೋಡುತ್ತಲೇ ಇದ್ದರು. ಹರಿದ ಪಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು ಎರಡು ಮೂರು ಸಲ ನೋಡಿದ್ದರು. ತಪ್ಪಾಯಿತು ಎಂದು ಹೇಳುವ ಅಭ್ಯಾಸ ಆ ತಲೆಮಾರಿನವರಿಗೆ ಕಡಿಮೆ. ಸಂಜೆಯಾಗುತ್ತ ಬಂದಾಗ ಎದ್ದು, ಬೆಳಗಿನಿಂದ ಕಟ್ಟೆಯ ಮೇಲೆಯೇ ಬಿದ್ದಿದ್ದ ಚಾವಿಯನ್ನು ತೆಗೆದುಕೊಂಡು ಚಾಲಕನ ಹತ್ತಿರ ಹೋದರು.

“ಊಟ ಮಾಡೀ ಏನ್?” ಎಂದು ಕೇಳಿದರು.

“ಇನ್ನಾ ಇಲ್ರಿ ಸಾವಕಾರ್ರ” ಎಂದ ಅವನು.

“ನಡಿ, ಒಳಗ ರೊಟ್ಟಿ ಮಾಡ್ಯಾರ. ನಾಳಿ ಜೇವರ್ಗಿಗಿ ಹೋಗೋದದ.” ಚಾವಿಯನ್ನು ಅವನ ಕೈಗೆ ಕೊಟ್ಟು, ಎರಡು ಹೆಜ್ಜೆ ನಡೆದು ತಿರುಗಿ ನಿಂತು ಹೇಳಿದರು: “ಹೋಗುವಾಗ ಟಾಕಿ ಪೂರಾ ತುಂಬ್ಸು.”

ಅವನು ಸೋಲಾಪುರಕ್ಕೆ ಹೋಗಲಿಲ್ಲ.

ಲಾರಿಯೇ ಇಲ್ಲದ ಮನೆಯವರಿಗೂ ಈ ಮಾತನ್ನು ಹೇಳಿದ್ದೇಕೆಂದು ಈಗ ಹೊಳೆದಿರಬಹುದು. ಮನೆಯ ವಿದ್ಯುತ್ ಮೀಟರು, ಗ್ಯಾಸಿನ ಮೀಟರು, ತೂಕದ ಕಾಟಾ, ಗಡಿಯಾರ, ಹೀಗೆ ದಿನಬೆಳಗಾದರೆ ನಮಗೆ ಹತ್ತಾರು ಮುಳ್ಳುಗಳ, ಅಂಕಿಗಳ ಸಾಕ್ಷಿ ಬೇಕಾಗುತ್ತದೆ. ಅವು ಬಹಳ ಮಟ್ಟಿಗೆ ನಿಜವನ್ನೇ ಹೇಳುತ್ತವೆ. ಆದರೆ ಅವುಗಳ ಮಾತಿನ ಮೇಲೆ ಕೆಲಸದವನನ್ನೋ ಹಾಲಿನವನನ್ನೋ ಮನೆಯ ಹುಡುಗನನ್ನೋ ಕಳ್ಳನೆನ್ನುವ ಮೊದಲು, ಒಂದು ಒಣ ಕೋಲನ್ನು ಇಳಿಸಿ ನೋಡುವಷ್ಟು ತಾಳ್ಮೆ ನಮಗಿರಲಿ.